ಸ್ಪ್ಯಾನಿಷಿನಲ್ಲಿ ಒಂದರಂತೆ ಒಂದು ಕಾಣುವ ಪದಗಳು: ಕನ್ನಡದಿಂದಲೇ ಬಿಡಿಸಿಕೊಳ್ಳಬಹುದೇ?

ಹುಬ್ಬಳ್ಳಿಯ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಸೆರ್ವಾಂತೆಸ್ ಸಂಸ್ಥೆಯವರು ನಡೆಸುವ ‘ಡೆಲೆ’ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಯ ಬಿ1 ಎಂಬ ಮಧ್ಯಮ ಹಂತಕ್ಕೆ ನಾನು ಓದುತ್ತಿದ್ದೇನೆ. ಕ್ರಿಯಾಪದಗಳ ರೂಪಗಳು ಹೆಚ್ಚುಕಡಿಮೆ ಬಾಯಿಪಾಠವಾಗಿವೆ. ಆದರೆ ಒಂದೇ ಅರ್ಥವಿರುವಂತೆ ತೋರುವ ಎರಡು ಪದಗಳು ಎದುರಾದಾಗ ಯಾವುದನ್ನು ಆರಿಸಬೇಕೆಂದು ತಿಳಿಯದೆ ಪ್ರತಿ ಸಲವೂ ಅಂಕ ಕಳೆದುಕೊಳ್ಳುತ್ತಿದ್ದೇನೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಸೆರ್’, ‘ಎಸ್ತಾರ್’ ಎರಡರ ಮುಂದೆಯೂ ‘ಇರು’ ಎಂದಿದೆ. ‘ಪೊರ್’, ‘ಪಾರ’ ಎರಡರ ಮುಂದೆಯೂ ‘ಗಾಗಿ’ ಎಂದಿದೆ. ‘ಸಬೇರ್’, ‘ಕೊನೊಸೇರ್’ ಎರಡರ ಮುಂದೆಯೂ ‘ತಿಳಿ’ ಎಂದಿದೆ.

ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂಬ ನಿಯಮವನ್ನು ತರಗತಿಯಲ್ಲಿ ಇಂಗ್ಲಿಷಿನ ಮೂಲಕ ಹೇಳಿಕೊಟ್ಟರು. ಹೋದ ವಾರ ‘ಆ ಮುದುಕ ಸತ್ತಿದ್ದಾನೆ’ ಎಂಬ ವಾಕ್ಯ ಬಂದಾಗ, ಸಾವು ಶಾಶ್ವತವಲ್ಲವೇ ಎಂದು ಯೋಚಿಸಿ ಸೆರ್ ಬಳಸಿದೆ. ಸರಿಯಾದ ಉತ್ತರ ‘ಎಸ್ತಾ ಮುಎರ್ತೊ’ ಎಂದಿತ್ತು. ಅಂದಿನಿಂದ ಆ ನಿಯಮದ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಇಂಗ್ಲಿಷನ್ನು ನಡುವೆ ತರದೆ, ಕನ್ನಡದ ಮಾತಿನಿಂದಲೇ ಈ ಜೋಡಿಗಳನ್ನು ಬೇರ್ಪಡಿಸುವ ದಾರಿ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ.

ಬೆಂಗಳೂರಿನ ಅನುವಾದಕ:

ದಾರಿ ಇದೆ, ಮತ್ತು ಅದು ನಿಮ್ಮ ತಪ್ಪು ಉತ್ತರದಲ್ಲೇ ಇದೆ. ‘ಸತ್ತಿದ್ದಾನೆ’ ಎಂಬ ಮಾತನ್ನು ಬಿಡಿಸಿ ನೋಡಿ: ಸತ್ತು, ಇದ್ದಾನೆ. ಒಂದು ಕ್ರಿಯೆ ಮುಗಿದು, ಅದರ ಫಲವಾಗಿ ಉಳಿದ ಸ್ಥಿತಿಯನ್ನು ಕನ್ನಡವು ‘ಇರು’ ಸೇರಿಸಿ ಹೇಳುತ್ತದೆ. ಸ್ಪ್ಯಾನಿಷ್ ಅದನ್ನೇ ಎಸ್ತಾರ್ ಸೇರಿಸಿ ಹೇಳುತ್ತದೆ. ‘ಬಾಗಿಲು ತೆರೆದಿದೆ’ ಎಂಬುದು ‘ಲಾ ಪುಎರ್ತ ಎಸ್ತಾ ಅಬಿಎರ್ತ’. ‘ಅವನಿಗೆ ಮದುವೆಯಾಗಿದೆ’ ಎಂಬುದು ‘ಎಸ್ತಾ ಕಸಾದೊ’. ಸ್ಥಿತಿ ಎಷ್ಟು ಕಾಲ ಉಳಿಯುತ್ತದೆ ಎಂಬ ಲೆಕ್ಕ ಇಲ್ಲಿ ಬರುವುದೇ ಇಲ್ಲ.

ಇನ್ನು ಸೆರ್. ನಾವು ‘ಅವರು ವೈದ್ಯರು’ ಎನ್ನುತ್ತೇವೆ, ಅಲ್ಲಿ ಕ್ರಿಯಾಪದವೇ ಇಲ್ಲ. ‘ಇದು ನನ್ನ ಮನೆ’, ‘ಇಂದು ಗುರುವಾರ’, ‘ಆಕೆ ನನ್ನ ತಂಗಿ’ ಎಂಬ ವಾಕ್ಯಗಳಲ್ಲಿಯೂ ಇಲ್ಲ. ಹೆಸರಿಗೆ ಹೆಸರನ್ನು ನೇರವಾಗಿ ಕೂಡಿಸಿ ಕನ್ನಡ ಸುಮ್ಮನಾಗುವ ಕಡೆಯಲ್ಲೆಲ್ಲ ಸ್ಪ್ಯಾನಿಷ್ ಸೆರ್ ಬಯಸುತ್ತದೆ: ‘ಎಲ್ ಎಸ್ ಮೇದಿಕೊ’. ಅದೇ ‘ಅವರು ಮನೆಯಲ್ಲಿದ್ದಾರೆ’ ಎಂದಾಗ ನಮಗೂ ಕ್ರಿಯಾಪದ ಬೇಕು, ಅವರಿಗೂ ಎಸ್ತಾರ್ ಬೇಕು: ‘ಎಸ್ತಾ ಎನ್ ಕಾಸ’. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ಪದವಿರುವುದರಿಂದ ಆ ಭಾಷೆಯ ಮೂಲಕ ಬರುವವರು ಇಲ್ಲದ ಗೆರೆಯನ್ನು ಹೊಸದಾಗಿ ಎಳೆದುಕೊಳ್ಳಬೇಕಾಗುತ್ತದೆ; ನಮಗೆ ಆ ಗೆರೆ ತಾಯಿಮಾತಿನಲ್ಲೇ ಬಂದಿದೆ.

ಈ ಹೋಲಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆಯೊಂದಿದೆ. ಸ್ಥಳ ಹೇಳುವಾಗ ಎಸ್ತಾರ್ ಎಂದು ಕಲಿತವರು, ಸಮಾರಂಭಗಳ ಸ್ಥಳಕ್ಕೆ ಮಾತ್ರ ಸೆರ್ ಬರುತ್ತದೆ ಎಂಬ ಅಪವಾದವನ್ನು ಕಂಡು ಬೆರಗಾಗುತ್ತಾರೆ: ‘ಲಾ ಬೋದ ಎಸ್ ಎನ್ ಮದ್ರಿದ್’, ಅಂದರೆ ಮದುವೆ ಮ್ಯಾಡ್ರಿಡ್‌ನಲ್ಲಿ. ಕನ್ನಡ ವಾಕ್ಯವನ್ನು ಇನ್ನೊಮ್ಮೆ ಓದಿ. ‘ಮನೆ ಧಾರವಾಡದಲ್ಲಿದೆ’ ಎನ್ನುವ ನಾವು ‘ಮದುವೆ ಧಾರವಾಡದಲ್ಲಿ, ಊಟ ಅಲ್ಲೇ’ ಎಂದು ಕ್ರಿಯಾಪದವಿಲ್ಲದೆ ಆಹ್ವಾನ ಕೊಡುತ್ತೇವೆ.

ಹುಬ್ಬಳ್ಳಿಯ ವಿದ್ಯಾರ್ಥಿನಿ:

ಧನ್ಯವಾದಗಳು ಸರ್. ಆದರೆ ಒಂದು ತೊಡಕು. ನಾವು ‘ಅವನು ಎತ್ತರವಾಗಿದ್ದಾನೆ’, ‘ಮನೆ ದೊಡ್ಡದಾಗಿದೆ’ ಎಂದೂ ಹೇಳುತ್ತೇವಲ್ಲವೇ? ಅಲ್ಲಿ ‘ಇರು’ ಇದೆ. ಆದರೂ ಸ್ಪ್ಯಾನಿಷಿನಲ್ಲಿ ‘ಎಸ್ ಆಲ್ತೊ’, ‘ಎಸ್ ಗ್ರಾಂದೆ’ ಎಂದು ಸೆರ್ ಬರುತ್ತದೆ. ನೀವು ಹೇಳಿದ ಸೂತ್ರ ಇಲ್ಲಿ ಕೈಕೊಡುತ್ತದೆ.

ಶಿವಮೊಗ್ಗದ ನಿವೃತ್ತ ಕನ್ನಡ ಅಧ್ಯಾಪಕ:

ತಂಗಿ, ನಿಮ್ಮ ಆಕ್ಷೇಪ ಸರಿಯಾಗಿದೆ. ಗುಣವಾಚಕಗಳ ವಿಷಯದಲ್ಲಿ ಕನ್ನಡ ಸಡಿಲ. ‘ಆಗಿ’ ಸೇರಿಸಿ ‘ಇರು’ ಹಚ್ಚುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದ್ದರಿಂದ ಗುಣವಾಚಕ ಬಂದಾಗ ಇನ್ನೊಂದು ಪರೀಕ್ಷೆ ಮಾಡಿ. ಅದೇ ಮಾತನ್ನು ‘ಎತ್ತರದವನು’, ‘ದೊಡ್ಡದು’, ‘ಒಳ್ಳೆಯವಳು’ ಎಂದು ನಾಮಪದವಾಗಿ ತಿರುಗಿಸಿದಾಗ ಅರ್ಥ ಕೆಡದಿದ್ದರೆ ಸೆರ್. ತಿರುಗಿಸಿದಾಗ ಅರ್ಥ ಬದಲಾದರೆ ಎಸ್ತಾರ್. ‘ಸಾರು ಬಿಸಿಯಾಗಿದೆ’ ಎಂಬುದನ್ನು ‘ಸಾರು ಬಿಸಿಯದು’ ಎನ್ನಲು ಬಾರದು, ಎಸ್ತಾರ್. ನಾಲ್ಕು ವರ್ಷಗಳ ಮೇಲೆ ತಮ್ಮನ ಮಗನನ್ನು ಕಂಡು ‘ಅಬ್ಬಾ, ಎಷ್ಟು ಎತ್ತರ ಆಗಿದ್ದಾನೆ!’ ಎನ್ನುತ್ತೇವೆ, ಅಲ್ಲಿ ‘ಎತ್ತರದವನು’ ಎಂದರೆ ಆ ಬೆರಗು ಸತ್ತುಹೋಗುತ್ತದೆ. ಸ್ಪ್ಯಾನಿಷರು ಆಗ ‘ಕೆ ಆಲ್ತೊ ಎಸ್ತಾ!’ ಎಂದೇ ಉದ್ಗರಿಸುತ್ತಾರೆ.

ಒಂದೇ ಗುಣವಾಚಕ ಎರಡೂ ಕಡೆ ಕುಳಿತು ಅರ್ಥ ಬದಲಿಸುವುದನ್ನು ಗಮನಿಸಿ. ‘ಎಸ್ ಲಿಸ್ತೊ’ ಎಂದರೆ ಜಾಣ, ‘ಎಸ್ತಾ ಲಿಸ್ತೊ’ ಎಂದರೆ ಸಿದ್ಧನಾಗಿದ್ದಾನೆ. ‘ಎಸ್ ರೀಕೊ’ ಎಂದರೆ ಹಣವಂತ, ಅಡುಗೆಯ ವಿಷಯದಲ್ಲಿ ‘ಎಸ್ತಾ ರೀಕೊ’ ಎಂದರೆ ಬಲು ರುಚಿಯಾಗಿದೆ. ಬಾಳೆಹಣ್ಣಿನ ಬಗ್ಗೆ ‘ಎಸ್ತಾ ಬೆರ್ದೆ’ ಎಂದರೆ ಅಕ್ಷರಶಃ ಹಸಿರಾಗಿದೆ ಎಂದಾದರೂ ಅದರ ಭಾವ ‘ಇನ್ನೂ ಕಾಯಿ’ ಎಂಬುದು.

ಎಸ್ತಾರ್ ಎಂಬುದರ ಮೂಲ ಲ್ಯಾಟಿನ್ನಿನ ‘ಸ್ತಾರೆ’, ಅಂದರೆ ನಿಲ್ಲು. ನಮ್ಮ ಬಳಕೆಯಲ್ಲಿರುವ ಸಂಸ್ಕೃತದ ‘ಸ್ಥಾ’ ಧಾತುವೂ ಅದೂ ಒಂದೇ ಬೇರಿನವು. ಆ ಧಾತುವಿನಿಂದ ಬಂದ ಎರಡು ಪದಗಳು ನಮ್ಮ ಬಾಯಲ್ಲಿ ದಿನವೂ ಇವೆ: ಸ್ಥಿತಿ ಮತ್ತು ಸ್ಥಾನ. ಎಸ್ತಾರ್ ಹೇಳುವುದೂ ಈ ಎರಡನ್ನೇ.

‘ಇದೆ’ ಎಂಬುದರ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ‘ಮೇಜಿನ ಮೇಲೆ ಪುಸ್ತಕ ಇದೆ’ ಮತ್ತು ‘ಪುಸ್ತಕ ಮೇಜಿನ ಮೇಲಿದೆ’ ಎಂಬ ಎರಡು ವಾಕ್ಯಗಳಲ್ಲಿ ಪದಗಳು ಅವೇ, ಸರದಿ ಬೇರೆ. ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ ಕೇಳುವವರಿಗೂ ಗೊತ್ತಿರುವ ಆ ಪುಸ್ತಕ. ನಾವು ಸರದಿಯಿಂದ ತೋರಿಸುವ ವ್ಯತ್ಯಾಸವನ್ನು ಸ್ಪ್ಯಾನಿಷ್ ಕ್ರಿಯಾಪದದಿಂದ ತೋರಿಸುತ್ತದೆ: ಮೊದಲನೆಯದಕ್ಕೆ ‘ಆಯ್ ಉನ್ ಲೀಬ್ರೊ’, ಎರಡನೆಯದಕ್ಕೆ ‘ಎಲ್ ಲೀಬ್ರೊ ಎಸ್ತಾ’. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ಇವೆರಡೂ ಅಲ್ಲ, ‘ತೆಂಗೊ’ ಬರುತ್ತದೆ. ‘ನನಗೆ’ ಎಂಬ ಚತುರ್ಥಿಯೇ ಅಲ್ಲಿಯ ಗುರುತು.

ವಲೆನ್ಸಿಯಾದಲ್ಲಿರುವ ಕನ್ನಡಿಗ:

ಮೇಷ್ಟ್ರ ಮಾತುಗಳನ್ನು ಓದಿ ಸಂತೋಷವಾಯಿತು. ಆದರೆ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುವ ಜಾಗಗಳನ್ನೂ ಇಲ್ಲಿ ದಾಖಲಿಸಬೇಕು. ಅವುಗಳಲ್ಲಿ ಕೆಲವು ಇಂಗ್ಲಿಷ್ ಮೂಲಕ ಕಲಿತವರಿಗೂ ಎದುರಾಗುವ ತೊಡಕುಗಳೇ.

ಮೊದಲನೆಯದು ‘ಕೇಳು’. ನಾವು ದಾರಿ ಕೇಳುತ್ತೇವೆ, ನೀರು ಕೇಳುತ್ತೇವೆ, ಹಾಡು ಕೇಳುತ್ತೇವೆ, ಕೊನೆಗೆ ದೊಡ್ಡವರ ಮಾತನ್ನೂ ಕೇಳುತ್ತೇವೆ. ಸ್ಪ್ಯಾನಿಷಿನಲ್ಲಿ ಇವೆಲ್ಲ ಬೇರೆ ಬೇರೆ. ಉತ್ತರ ಬಯಸಿ ಕೇಳುವುದು ‘ಪ್ರೆಗುಂತಾರ್’. ವಸ್ತುವನ್ನೋ ಸಹಾಯವನ್ನೋ ಬಯಸಿ ಕೇಳುವುದು ‘ಪೆದೀರ್’. ಕಿವಿಗೊಟ್ಟು ಕೇಳುವುದು ‘ಎಸ್ಕುಚಾರ್’. ಕಿವಿಗೆ ತಾನಾಗಿ ಬೀಳುವುದು ‘ಒಯೀರ್’. ನಾನು ಬಂದ ಹೊಸದರಲ್ಲಿ ಹೋಟೆಲಿನಲ್ಲಿ ‘ಆಗಲೇ ನೀರು ಕೇಳಿದ್ದೆ’ ಎನ್ನಲು ಪ್ರೆಗುಂತಾರ್ ಬಳಸಿದೆ. ಬಡಿಸುತ್ತಿದ್ದವರು ತಟ್ಟೆ ಹಿಡಿದುಕೊಂಡೇ ನಿಂತು, ನೀರಿನ ಬಗ್ಗೆ ಏನು ತಿಳಿಯಬೇಕಾಗಿತ್ತು ಎಂದು ವಿನಯದಿಂದ ವಿಚಾರಿಸಿದರು. ‘ಪೆದೀ ಆಗ್ವ’ ಎಂದಿದ್ದರೆ ಸಾಕಿತ್ತು. ಉತ್ತರವಾಗಿ ಮಾತು ಬರಬೇಕೋ, ವಸ್ತು ಬರಬೇಕೋ ಎಂದು ಮನಸ್ಸಿನಲ್ಲಿ ಪ್ರಶ್ನಿಸಿಕೊಂಡರೆ ಮೊದಲೆರಡು ಎಂದಿಗೂ ಕಲೆಯುವುದಿಲ್ಲ. ‘ನಿಮ್ಮನ್ನು ಕೇಳಿಕೊಂಡು ಯಾರೋ ಬಂದಿದ್ದರು’ ಎಂಬಲ್ಲಿ ಮಾತ್ರ ‘ಪ್ರೆಗುಂತಾರ್ ಪೊರ್’ ಬರುತ್ತದೆ. ಕಣ್ಣಿನ ವಿಷಯದಲ್ಲಿ ನಮಗೆ ಇಷ್ಟು ಕಷ್ಟವಿಲ್ಲ: ಕಾಣುವುದು ‘ಬೇರ್’, ನೋಡುವುದು ‘ಮಿರಾರ್’. ಟಿವಿ, ಸಿನಿಮಾ ನೋಡುವುದಕ್ಕೆ ಬೇರ್ ಎನ್ನುವುದನ್ನು ನೆನಪಿಟ್ಟುಕೊಂಡರೆ ಆಯಿತು.

ಎರಡನೆಯದು ‘ಬರು’ ಮತ್ತು ‘ಹೋಗು’. ನಮ್ಮನ್ನು ಯಾರಾದರೂ ಕರೆದರೆ ‘ಬಂದೆ’ ಎನ್ನುತ್ತೇವೆ; ಕರೆದವರ ಕಡೆಯಿಂದ ನೋಡಿ ಆಡುವ ಮಾತು ಅದು. ಸ್ಪ್ಯಾನಿಷಿನ ‘ಬೆನೀರ್’ ಮಾತಾಡುವವನು ಇರುವ ಕಡೆಗೆ ಬರುವುದಕ್ಕೆ ಮಾತ್ರ ಸಲ್ಲುತ್ತದೆ. ಒಂದು ಭಾನುವಾರ ಮನೆಯೊಡತಿ ಕೆಳಗಿನ ಅಂಗಳದಲ್ಲಿ ‘ಪಾಯೆಯ’ ಎಂಬ ಅನ್ನದ ಅಡುಗೆ ಬೇಯಿಸಿ, ಮೂರನೆಯ ಮಹಡಿಯಲ್ಲಿದ್ದ ನನ್ನನ್ನು ಊಟಕ್ಕೆ ಕರೆದರು. ನಾನು ಕಿಟಕಿಯಿಂದ ‘ಬೆಂಗೊ!’ ಎಂದು ಕೂಗಿದೆ. ಅವರು ತಲೆಯೆತ್ತಿ, ‘ದೆ ದೋಂದೆ?’, ಅಂದರೆ ಎಲ್ಲಿಂದ, ಎಂದು ಕೇಳಿದರು. ಆಡಬೇಕಾಗಿದ್ದ ಮಾತು ‘ಯಾ ಬೊಯ್’, ಇಗೋ ಹೋಗುತ್ತಿದ್ದೇನೆ ಎಂಬುದು. ‘ನಾಳೆ ನಿಮ್ಮ ಮನೆಗೆ ಬರುತ್ತೇನೆ’ ಎನ್ನುವಾಗಲೂ ‘ಬೊಯ್’. ಇದೇ ಕಾರಣಕ್ಕೆ ‘ನಿಮ್ಮ ಮನೆಗೆ ಸಿಹಿ ತರುತ್ತೇನೆ’ ಎಂಬಲ್ಲಿ ತರುವುದನ್ನು ಹೇಳುವ ‘ತ್ರಯೇರ್’ ಸಲ್ಲದು, ಒಯ್ಯುವುದನ್ನು ಹೇಳುವ ‘ಯೆಬಾರ್’ ಬೇಕು. ಹತ್ತು ವರ್ಷ ಇಲ್ಲಿದ್ದರೂ ಆತುರದಲ್ಲಿ ನನ್ನ ಬಾಯಿಗೆ ಮೊದಲು ಬರುವುದು ‘ಬೆಂಗೊ’.

ಇಂಗ್ಲಿಷಿನಂತೆಯೇ ಕಂಡು ಮೋಸಮಾಡುವ ಪದಗಳ ಪಟ್ಟಿ ಎಲ್ಲ ಕಡೆ ಸಿಗುವುದರಿಂದ ಅದನ್ನು ಬೆಳೆಸುವುದಿಲ್ಲ. ಆರೋಗ್ಯಕ್ಕೆ ಸಂಬಂಧಿಸಿದ ಎರಡನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಬಾರದು. ‘ಕೊನ್ಸ್ತಿಪಾದೊ’ ಎಂದರೆ ಸ್ಪೇನಿನಲ್ಲಿ ನೆಗಡಿಯಾಗಿರುವವನು, ಮಲಬದ್ಧತೆಯಲ್ಲ. ‘ಎಂಬರಸಾದ’ ಎಂದರೆ ಗರ್ಭಿಣಿ, ನಾಚಿಕೊಂಡವಳಲ್ಲ.

ಬೆಂಗಳೂರಿನ ಅನುವಾದಕ:

‘ಬಂದೆ’ ಕುರಿತ ಮಾತು ಅಮೂಲ್ಯವಾದದ್ದು. ನಾನು ಅದನ್ನು ಈ ದೃಷ್ಟಿಯಿಂದ ನೋಡಿರಲಿಲ್ಲ. ಈಗ ಬಾಕಿ ಉಳಿದ ಪೊರ್ ಮತ್ತು ಪಾರಕ್ಕೆ ಬರುತ್ತೇನೆ.

ತೊಂದರೆಯ ಮೂಲ ನಮ್ಮ ‘ಗೆ’ ಪ್ರತ್ಯಯದಲ್ಲಿದೆ. ‘ನೂರು ರೂಪಾಯಿಗೆ ಕೊಂಡೆ’, ‘ಮಗುವಿಗೆ ಕೊಂಡೆ’, ‘ಹಬ್ಬಕ್ಕೆ ಕೊಂಡೆ’ ಎಂಬ ಮೂರರಲ್ಲಿಯೂ ಅದೇ ಪ್ರತ್ಯಯ. ಮೊದಲನೆಯದು ವಿನಿಮಯ, ಹಣ ಕೊಟ್ಟು ಅದರ ಬದಲಿಗೆ ಪಡೆದದ್ದು, ಅಲ್ಲಿ ಪೊರ್. ಉಳಿದೆರಡು ಗುರಿ, ಅಲ್ಲಿ ಪಾರ. ‘ಮಗುವಿಗೆಂದು’, ‘ಹಬ್ಬಕ್ಕೆಂದು’ ಎಂದು ‘ಎಂದು’ ಸೇರಿಸಲು ಬಂದರೆ ಪಾರ; ‘ನೂರು ರೂಪಾಯಿಗೆಂದು ಕೊಂಡೆ’ ಎಂದು ಯಾರೂ ಹೇಳುವುದಿಲ್ಲ. ‘ಬಂದದ್ದಕ್ಕೆ ಧನ್ಯವಾದ’ ಎಂಬಲ್ಲಿಯೂ ‘ಎಂದು’ ಸೇರದು. ‘ಗ್ರಾಸಿಯಸ್ ಪೊರ್ ಬೆನೀರ್’. ‘ಮಳೆಯಿಂದ ಆಟ ನಿಂತಿತು’ ಎಂಬ ಕಾರಣಕ್ಕೂ ಪೊರ್. ‘ಮೈಸೂರಿನ ಮೇಲೆ ಹೋಗುವ ಬಸ್ಸು’ ಎನ್ನುವಾಗ ನಾವು ಬಳಸುವ ಆ ‘ಮೇಲೆ’ ಇದೆಯಲ್ಲ, ಹಾದುಹೋಗುವುದು, ಅದೂ ಪೊರ್. ಆದರೆ ಮೈಸೂರನ್ನೇ ಗುರಿಯಾಗಿಟ್ಟು ಹೊರಟರೆ ಪಾರ. ಗಡುವು ಹೇಳುವಾಗಲೂ ಪಾರ.

ಎರಡೂ ಸಲ್ಲುವ, ಅರ್ಥ ಮಾತ್ರ ಬೇರೆಯಾಗುವ ವಾಕ್ಯವೊಂದನ್ನು ಪರೀಕ್ಷೆಗೆ ಮುನ್ನ ಬಿಡಿಸಿ ನೋಡಿ. ‘ತ್ರಬಾಹೊ ಪಾರ ಮಿ ತೀಯೊ’ ಎಂದರೆ ನಾನು ಕೆಲಸ ಮಾಡುವುದು ಮಾವನ ಕೈಕೆಳಗೆ. ‘ತ್ರಬಾಹೊ ಪೊರ್ ಮಿ ತೀಯೊ’ ಎಂದರೆ ಮಾವನಿಗೆ ಬರಲಾಗದ್ದರಿಂದ ಅವರ ಬದಲು ನಾನು ಕೆಲಸ ಮಾಡುತ್ತಿದ್ದೇನೆ. ಇತಿಹಾಸದಲ್ಲಿ ಪಾರ ಎಂಬುದು ಪೊರ್‌ನೊಳಗಿಂದಲೇ ಬಂದದ್ದು. ಹಳೆಯ ಸ್ಪ್ಯಾನಿಷಿನಲ್ಲಿ ಅದು ‘ಪೋರ’ ಆಗಿತ್ತು, ‘ಪೊರ್’ಗೆ ‘ಕಡೆಗೆ’ ಎಂಬರ್ಥದ ‘ಆ’ ಸೇರಿದ ರೂಪ. ಆ ‘ಕಡೆಗೆ’ ಇಂದಿಗೂ ಪಾರದ ಜೀವವಾಗಿ ಉಳಿದಿದೆ.

ಸಬೇರ್, ಕೊನೊಸೇರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ತಿಳಿ’ ಎಂದು ಬರೆದುಕೊಂಡದ್ದನ್ನು ಹೊಡೆದುಹಾಕಿ, ಸಬೇರ್ ಮುಂದೆ ‘ಗೊತ್ತು, ಬರುತ್ತದೆ’ ಎಂದೂ ಕೊನೊಸೇರ್ ಮುಂದೆ ‘ಪರಿಚಯ’ ಎಂದೂ ಬರೆಯಿರಿ. ‘ನನಗೆ ಈಜು ಬರುತ್ತದೆ’ ಎಂಬುದು ‘ಸೆ ನದಾರ್’. ‘ಗ್ರಾನಾಡಾ ನೋಡಿದ್ದೇನೆ’ ಎಂಬುದು ‘ಕೊನೋಸ್ಕೊ ಗ್ರನಾದ’. ಊರನ್ನು ನೋಡಿದ್ದೇನೆ ಎಂದರೆ ನಮ್ಮಲ್ಲೂ ಅದರ ಪರಿಚಯವಿದೆ ಎಂದೇ ಅರ್ಥ.

ಮಂಗಳೂರಿನ ಓದುಗರು:

ಕರಾವಳಿಯವರಿಗೆ ಇನ್ನೊಂದು ಬಗೆಯ ಗೊಂದಲವಿದೆ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಮೇಲೆ ಅವರ ಭಾಷೆಯ ಪದಗಳು ಕೊಂಕಣಿಗೂ ನಮ್ಮ ಕನ್ನಡಕ್ಕೂ ಬಂದವು. ಪೋರ್ಚುಗೀಸಿಗೂ ಸ್ಪ್ಯಾನಿಷಿಗೂ ಹತ್ತಿರದ ನಂಟಿರುವುದರಿಂದ, ಪರಿಚಿತ ಪದವೆಂದು ನಾವು ಕೈಹಿಡಿದದ್ದು ಬೇರೊಂದಾಗಿರುತ್ತದೆ. ನಮ್ಮ ಮನೆಗಳಲ್ಲಿ ‘ಬಟಾಟೆ’ ಎಂದರೆ ಆಲೂಗಡ್ಡೆ. ಸ್ಪ್ಯಾನಿಷಿನ ‘ಬತಾತ’ ಸಿಹಿಗೆಣಸು. ಆಲೂಗಡ್ಡೆಗೆ ಸ್ಪೇನಿನ ಬಹುಭಾಗದಲ್ಲಿ ‘ಪತಾತ’, ಲ್ಯಾಟಿನ್ ಅಮೆರಿಕದಲ್ಲಿ ‘ಪಾಪ’. ಕೆರಿಬಿಯನ್ ದ್ವೀಪಗಳ ತೈನೊ ಭಾಷೆಯ ಬತಾತ ಮತ್ತು ಆಂಡೀಸ್ ಸೀಮೆಯ ಕೆಚುವಾ ಭಾಷೆಯ ಪಾಪ ಬೆರೆತು ಪತಾತ ಹುಟ್ಟಿತು. ಹಾಗೆಯೇ ನಮ್ಮ ‘ಪೇರಳೆ’ ಸೀಬೆಹಣ್ಣು, ಅವರ ‘ಪೇರ’ ಮರಸೇಬು.

‘ಚಾವಿ’ಯ ಕಥೆ ಬೇರೆ. ಬೀಗದ ಕೈಗೆ ಪೋರ್ಚುಗೀಸಿನಲ್ಲಿ ‘ಶಾವೆ’, ಸ್ಪ್ಯಾನಿಷಿನಲ್ಲಿ ‘ಯಾಬೆ’. ಲ್ಯಾಟಿನ್ನಿನಲ್ಲಿ ‘ಕ್ಲ’, ‘ಪ್ಲ’, ‘ಫ್ಲ’ ಎಂದು ಮೊದಲಾಗುತ್ತಿದ್ದ ಅನೇಕ ಪದಗಳು ಪೋರ್ಚುಗೀಸಿನಲ್ಲಿ ಹಾಗೂ ಸ್ಪ್ಯಾನಿಷಿನಲ್ಲಿ ಹೀಗೆ ಎರಡು ದಾರಿ ಹಿಡಿದವು; ಮಳೆ ಅಲ್ಲಿ ‘ಶುವ’, ಇಲ್ಲಿ ‘ಯೂಬಿಯ’. ಉತ್ತರ ಕರ್ನಾಟಕದವರ ‘ಪಗಾರ’ಕ್ಕೂ ಸ್ಪ್ಯಾನಿಷಿನಲ್ಲಿ ‘ಪಗಾರ್’ ಎಂಬ ಸೋದರನಿದ್ದಾನೆ, ಆದರೆ ಅಲ್ಲಿ ಅದು ಸಂಬಳವಲ್ಲ, ‘ಹಣ ಕೊಡು’ ಎಂಬ ಕ್ರಿಯಾಪದ.

ಶಿವಮೊಗ್ಗದ ನಿವೃತ್ತ ಕನ್ನಡ ಅಧ್ಯಾಪಕ:

ಪಾಪ ಎಂಬ ಪದ ಬಂದದ್ದರಿಂದ ಉಚ್ಚಾರಣೆಯ ಗೊಂದಲಗಳನ್ನೂ ಎತ್ತಿಕೊಳ್ಳುತ್ತೇನೆ. ‘ಲಾ ಪಾಪ’ ಆಲೂಗಡ್ಡೆ, ‘ಎಲ್ ಪಾಪ’ ಪೋಪ್ ಗುರುಗಳು, ಕೊನೆಯ ಸ್ವರಕ್ಕೆ ಒತ್ತು ಕೊಟ್ಟ ‘ಪಪಾ’ ಅಪ್ಪ. ಕನ್ನಡದಲ್ಲಿ ಒತ್ತಿ ನುಡಿಯುವುದರಿಂದ ಅರ್ಥ ಬದಲಾಗುವುದಿಲ್ಲ. ಎಳೆದು ನುಡಿಯುವುದರಿಂದ ಬದಲಾಗುತ್ತದೆ, ‘ಬಳೆ’ ಬೇರೆ, ‘ಬಾಳೆ’ ಬೇರೆ. ಸ್ಪ್ಯಾನಿಷಿನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಿನ ಭೇದವಿದೆ. ಹಾಗಾಗಿ ಒತ್ತು ಬೀಳುವ ಸ್ವರವನ್ನು ಕನ್ನಡದಲ್ಲಿ ದೀರ್ಘವಾಗಿ ಬರೆದುಕೊಂಡರೆ ನಮ್ಮ ಕಿವಿಗೆ ಅದು ನಿಲ್ಲುತ್ತದೆ. ‘ತೇರ್ಮಿನೊ’ ಎಂದರೆ ಪದ ಅಥವಾ ಅವಧಿ, ‘ತೆರ್ಮೀನೊ’ ಎಂದರೆ ಮುಗಿಸುತ್ತೇನೆ, ‘ತೆರ್ಮಿನೋ’ ಎಂದರೆ ಅವನು ಮುಗಿಸಿದ. ಬರವಣಿಗೆಯಲ್ಲಿ ಇದನ್ನು ತಿಳಿಸಲು ಸ್ವರದ ತಲೆಯ ಮೇಲೆ ಎಳೆಯುವ ಓರೆಗೆರೆಯನ್ನು ಅಲಂಕಾರವೆಂದು ತಿಳಿದು ಬಿಟ್ಟುಬಿಡಬಾರದು.

ಆ ಗೆರೆಯ ಬಗ್ಗೆ ಸ್ಪ್ಯಾನಿಷರೇ ವರ್ಷಗಟ್ಟಲೆ ವಾದಿಸಿದ್ದಾರೆ. ‘ಸೋಲೊ’ ಎಂದರೆ ‘ಮಾತ್ರ’ ಎಂದೂ ಆಗುತ್ತದೆ, ‘ಒಂಟಿಯಾಗಿ’ ಎಂದೂ ಆಗುತ್ತದೆ. ‘ತ್ರಬಾಹೊ ಸೋಲೊ ಲೋಸ್ ದೊಮಿಂಗೊಸ್’ ಎಂಬುದು ಭಾನುವಾರ ಮಾತ್ರ ಕೆಲಸ ಮಾಡುತ್ತೇನೆ ಎಂದೋ, ಭಾನುವಾರಗಳಂದು ಒಬ್ಬನೇ ಕೆಲಸ ಮಾಡುತ್ತೇನೆ ಎಂದೋ ತಿಳಿಯದು. 1713ರಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯು 2010ರ ಕಾಗುಣಿತ ಗ್ರಂಥದಲ್ಲಿ ‘ಮಾತ್ರ’ ಎಂಬರ್ಥದ ಸೋಲೊಗೆ ಹಾಕುತ್ತಿದ್ದ ಆ ಗೆರೆ ಬೇಕಿಲ್ಲವೆಂದಿತು. ಅನೇಕ ಲೇಖಕರು ಒಪ್ಪಲಿಲ್ಲ. 2023ರಲ್ಲಿ, ಅರ್ಥ ಎರಡಾಗುವುದೆಂದು ಬರೆಯುವವರಿಗೆ ತೋರಿದರೆ ಹಾಕಬಹುದು ಎಂದು ಸ್ಪಷ್ಟಪಡಿಸಿತು.

ಎರಡು ಧ್ವನಿಗಳಲ್ಲಿ ಮಾತ್ರ ಕನ್ನಡದ ಹಳೆಯ ಆಸ್ತಿ ನಮ್ಮ ನೆರವಿಗೆ ಬರುತ್ತದೆ. ತಲೆಯ ಮೇಲೆ ಅಲೆಗೆರೆಯಿರುವ ಅವರ ಅನುನಾಸಿಕ ನಮ್ಮ ಞಕಾರವೇ. ‘ಆಞೊ’ ಎಂದರೆ ವರ್ಷ, ‘ಆನೊ’ ಎಂದರೆ ಗುದ. ನಿಮ್ಮ ವಯಸ್ಸು ಹೇಳುವಾಗ ಞಕಾರವನ್ನು ಸ್ಪಷ್ಟವಾಗಿ ನುಡಿಯಿರಿ. ಎರಡನೆಯದು ರಕಾರ. ‘ಪೆರೊ’ ಎಂದರೆ ‘ಆದರೆ’, ‘ಪೆರ್ರೊ’ ಎಂದರೆ ನಾಯಿ. ಹಳಗನ್ನಡದಲ್ಲಿ ‘ಕರೆ’ ಎಂದರೆ ಕೂಗಿ ಕರೆಯುವುದು, ಶಕಟರೇಫವೆಂಬ ಇನ್ನೊಂದು ರಕಾರದ ‘ಕಱೆ’ ಎಂದರೆ ಹಾಲು ಕರೆಯುವುದು. ನಾವು ಎರಡನ್ನೂ ಒಂದು ಮಾಡಿಕೊಂಡೆವು; ಅವರು ಎರಡು ರಕಾರಗಳನ್ನೂ ಉಳಿಸಿಕೊಂಡಿದ್ದಾರೆ.

ಮೆಕ್ಸಿಕೊ ಗ್ರಾಹಕರೊಂದಿಗೆ ಕೆಲಸ ಮಾಡುವ ಬೆಂಗಳೂರಿಗ:

ಚಿಕ್ಕ ಸೇರ್ಪಡೆ. ಮೇಲಿನವರು ‘ವಿ’ ಅಕ್ಷರವಿರುವ ಪದಗಳನ್ನೂ ಬಕಾರದಿಂದಲೇ ಬರೆದಿರುವುದು ಸರಿಯಾಗಿದೆ. ಆ ಭಾಷೆಯಲ್ಲಿ ಬಿ, ವಿ ಎರಡಕ್ಕೂ ಒಂದೇ ಧ್ವನಿ. ಹೀಗಾಗಿ ‘ಕೊಳವೆ’ ಎಂಬರ್ಥದ ‘ತೂಬೊ’ ಮತ್ತು ‘ಅವನ ಬಳಿ ಇತ್ತು’ ಎಂಬರ್ಥದ ‘ತೂಬೊ’ ಕಿವಿಗೆ ಒಂದೇ, ಕಾಗುಣಿತದಲ್ಲಿ ಮಾತ್ರ ಬೇರೆ. ಸ್ಪೇನಿನ ಬಹುಭಾಗದಲ್ಲಿ ಮನೆ ‘ಕಾಸ’, ಬೇಟೆ ‘ಕಾಥ’; ಮೆಕ್ಸಿಕೊದಲ್ಲಿ ಎರಡೂ ‘ಕಾಸ’. ಹೊಲಿಯುವುದು, ಬೇಯಿಸುವುದು ಎರಡೂ ‘ಕೊಸೇರ್’ ಆಗಿಬಿಡುವುದರಿಂದ ಅಲ್ಲಿಯವರು ಅಡುಗೆಗೆ ‘ಕೊಸಿನಾರ್’ ಎಂದೇ ಹೇಳುವುದು ಹೆಚ್ಚು. ಇನ್ನೊಂದು ಎಚ್ಚರಿಕೆ: ಸ್ಪೇನಿನಲ್ಲಿ ‘ತೆಗೆದುಕೊ, ಬಸ್ಸು ಹಿಡಿ’ ಎಂಬರ್ಥದಲ್ಲಿ ದಿನವೂ ಬಳಸುವ ‘ಕೊಹೇರ್’ ಮೆಕ್ಸಿಕೊ, ಅರ್ಜೆಂಟೀನಾ ಮೊದಲಾದ ಕಡೆ ಅಶ್ಲೀಲ ಪದ. ಎಲ್ಲ ಕಡೆಯೂ ಸಲ್ಲುವ ‘ತೊಮಾರ್’ ಬಳಸಿದರೆ ಕ್ಷೇಮ.

ಹುಬ್ಬಳ್ಳಿಯ ವಿದ್ಯಾರ್ಥಿನಿ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಟಿಪ್ಪಣಿ ಪುಸ್ತಕದ ಆ ಪುಟವನ್ನು ಹೊಸದಾಗಿ ಬರೆದಿದ್ದೇನೆ. ಈ ಐದು ವಾಕ್ಯಗಳನ್ನು ತಿದ್ದಿಕೊಡಿ. ಸಭೆ ಕಚೇರಿಯಲ್ಲಿ: ‘ಲಾ ರೆಉನಿಯೋನ್ ಎಸ್ ಎನ್ ಲಾ ಒಫಿಸೀನ’. ಬಾಗಿಲು ಮುಚ್ಚಿದೆ: ‘ಲಾ ಪುಎರ್ತ ಎಸ್ತಾ ಸೆರ್ರಾದ’. ಒಂದು ಲೋಟ ನೀರು ಕೇಳಿದೆ: ‘ಪೆದೀ ಉನ್ ಬಾಸೊ ದೆ ಆಗ್ವ’. ನಾಳೆ ನಿಮ್ಮ ಮನೆಗೆ ಬರುತ್ತೇನೆ: ‘ಮಞಾನ ಬೊಯ್ ಅ ಸು ಕಾಸ’. ಅದನ್ನು ಸೋಮವಾರಕ್ಕೆ ಮುಗಿಸುತ್ತೇನೆ: ‘ಲೊ ತೆರ್ಮೀನೊ ಪೊರ್ ಎಲ್ ಲೂನೆಸ್’.

ಬೆಂಗಳೂರಿನ ಅನುವಾದಕ:

ಮೊದಲ ನಾಲ್ಕರಲ್ಲಿ ತಿದ್ದುವುದೇನೂ ಇಲ್ಲ. ಐದನೆಯದರಲ್ಲಿ ‘ಸೋಮವಾರಕ್ಕೆ’ ಎಂಬುದನ್ನು ‘ಸೋಮವಾರದ ಹೊತ್ತಿಗೆ’ ಎಂದು ಓದಿಕೊಳ್ಳಿ, ಅದು ಗಡುವು. ‘ಲೊ ತೆರ್ಮೀನೊ ಪಾರ ಎಲ್ ಲೂನೆಸ್’.